ಮುಂದಿನ ವರ್ಷದ ಅಂದಾಜಿಗೆ ನಗದು ಹರಿವನ್ನು ಓದುವ ಬಗೆ

ಕಂಪನಿಗಳ ಸಾಲದ ಅರ್ಜಿಗಳನ್ನು ಪರಿಶೀಲಿಸುವುದು ನನ್ನ ಕೆಲಸ. ವಾರ್ಷಿಕ ವರದಿ ಕೈಗೆ ಬಂದರೆ ಅಧ್ಯಕ್ಷರ ಮಾತಿಗೂ ಲಾಭದ ಅಂಕಿಗೂ ಮೊದಲು ನಗದು ಹರಿವಿನ ಪಟ್ಟಿಯನ್ನು ತೆರೆಯುತ್ತೇನೆ. ಲಾಭದಲ್ಲಿ ಇನ್ನೂ ಕೈಸೇರದ ಹಣವೂ ಸೇರಿರುತ್ತದೆ. ಸಂಬಳ, ಬಡ್ಡಿ, ಕಂತು ತೀರುವುದು ಮಾತ್ರ ನಗದಿನಿಂದಲೇ.

ಮೊದಲು ಐದು ವರ್ಷಗಳ ನಿವ್ವಳ ಲಾಭವನ್ನೂ ಕಾರ್ಯಾಚರಣೆಯಿಂದ, ಅಂದರೆ ದಿನನಿತ್ಯದ ವ್ಯವಹಾರದಿಂದ ಬಂದ ನಗದನ್ನೂ ಅಕ್ಕಪಕ್ಕ ಬರೆದುಕೊಳ್ಳಿ. ಲಾಭ ಏರುತ್ತಾ ನಗದು ಇಳಿಯುತ್ತಿದ್ದರೆ ಅಲ್ಲೇ ನಿಲ್ಲಿ.

ಒಂದು ಲೆಕ್ಕ ನೋಡಿ. ಲಾಭ 100. ಸವಕಳಿ ಎಂದರೆ ಯಂತ್ರಗಳು ಸವೆದದ್ದಕ್ಕೆ ಲೆಕ್ಕದಲ್ಲಿ ಕಳೆಯುವ ಮೊತ್ತ; ಅದಕ್ಕೆ ಈ ವರ್ಷ ಕೈಯಿಂದ ಹಣ ಹೋಗುವುದಿಲ್ಲ, ಅದರ 20 ಕೂಡಿಸಿ. ಗ್ರಾಹಕರ ಬಾಕಿ 60, ದಾಸ್ತಾನು 30 ಹೆಚ್ಚಿವೆ, ಕಳೆಯಿರಿ. ಪೂರೈಕೆದಾರರಿಗೆ ಕೊಡಬೇಕಾದದ್ದು 10 ಹೆಚ್ಚಿದೆ, ಕೂಡಿಸಿ. ಉಳಿದದ್ದು 40. ನನ್ನ ಗಮನವೆಲ್ಲ ಆ 60ರ ಮೇಲೆ. ಮಾರಾಟ ಶೇ. 10ರಷ್ಟು ಬೆಳೆದು ಬಾಕಿ ಶೇ. 40ರಷ್ಟು ಬೆಳೆದಿದ್ದರೆ, ವರ್ಷದ ಕೊನೆಯಲ್ಲಿ ಪಾವತಿಯ ಗಡುವನ್ನು ಸಡಿಲಿಸಿ ಸರಕು ದಾಟಿಸಿರಬಹುದು. ಹಾಗಿದ್ದರೆ ಮುಂದಿನ ವರ್ಷದ ಬೇಡಿಕೆಯನ್ನು ಈಗಲೇ ಬಳಸಿಕೊಂಡಾಯಿತು. ಆ 100ರ ಮೇಲೆ ಶೇ. 10 ಏರಿಸಿ ಅಂದಾಜು ಕಟ್ಟಬೇಡಿ.

ಇದು ನನ್ನೊಬ್ಬನ ಅನುಮಾನವಲ್ಲ. ಲೆಕ್ಕಶಾಸ್ತ್ರದ ಸಂಶೋಧಕ ರಿಚರ್ಡ್ ಸ್ಲೋನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಲಾಭದಲ್ಲಿ ನಗದಾಗಿ ಬಂದ ಪಾಲು ಮುಂದಿನ ವರ್ಷಕ್ಕೆ ಉಳಿಯುವಷ್ಟು ನಗದು ಕೈಸೇರದೆ ಲೆಕ್ಕಪತ್ರದ ಹೊಂದಾಣಿಕೆಗಳಿಂದ ಬಂದ ಪಾಲು ಉಳಿಯುವುದಿಲ್ಲ. 1975ರಲ್ಲಿ ದಿವಾಳಿಯಾದ ಅಮೆರಿಕದ ಚಿಲ್ಲರೆ ಮಾರಾಟ ಕಂಪನಿ ಡಬ್ಲ್ಯೂ. ಟಿ. ಗ್ರಾಂಟ್ ಅದಕ್ಕೂ ಮುಂಚೆ ವರ್ಷಗಟ್ಟಲೆ ಲಾಭ ತೋರಿಸಿತ್ತು. ಕಾರ್ಯಾಚರಣೆಯಿಂದ ನಗದು ಹುಟ್ಟುತ್ತಿರಲಿಲ್ಲ, ಗ್ರಾಹಕರ ಬಾಕಿ ಮಾತ್ರ ಬೆಳೆಯುತ್ತಿತ್ತು.

ಹಾಗೆಂದು ನಗದು ತಗ್ಗಿದ ಕಂಪನಿಗಳೆಲ್ಲ ಕೆಟ್ಟವಲ್ಲ. ವೇಗವಾಗಿ ಬೆಳೆಯುವವರು ದಾಸ್ತಾನಿಗೆ ಹಣ ಹಾಕಲೇಬೇಕು. ಬಾಕಿ ವಸೂಲಿಗೆ ಹಿಡಿಯುವ ದಿನಗಳು ಹೆಚ್ಚದಿದ್ದರೆ ನಾನು ಗಾಬರಿಯಾಗುವುದಿಲ್ಲ. ನಗದು ಹಠಾತ್ತನೆ ಉಬ್ಬಿದಾಗಲೇ ಹೆಚ್ಚು ಎಚ್ಚರ ಬೇಕು: ಪೂರೈಕೆದಾರರ ಬಿಲ್ಲುಗಳನ್ನು ತಡೆಹಿಡಿದಿದ್ದಾರೆಯೇ? ಅಂಥ ಬಿಲ್ಲುಗಳನ್ನು ಬ್ಯಾಂಕಿನ ಮೂಲಕ ತೀರಿಸುವ ಏರ್ಪಾಡು ಇದ್ದರೆ ಅದರ ವಿವರ ಕೊಡುವುದನ್ನು ನಗದು ಹರಿವಿನ ಪಟ್ಟಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಎಸ್ 7, 2024ರಿಂದ ಕಡ್ಡಾಯ ಮಾಡಿದೆ. ಆ ಮಾನದಂಡ ಪಾಲಿಸುವ ಕಂಪನಿಯಾದರೆ ಟಿಪ್ಪಣಿಗಳಲ್ಲಿ ಹುಡುಕಿ. ಬ್ಯಾಂಕು, ವಿಮಾ ಕಂಪನಿಗಳಿಗೆ ಈ ವಿಧಾನ ಹೊಂದುವುದಿಲ್ಲ.

ನಗದು ಹರಿವಿನ ಪಟ್ಟಿಯ ಹೂಡಿಕೆಯ ಭಾಗದಲ್ಲಿ ಒಂದೇ ಪ್ರಶ್ನೆ: ಯಂತ್ರೋಪಕರಣಗಳ ಮೇಲಿನ ಖರ್ಚು ವರ್ಷವರ್ಷವೂ ಸವಕಳಿಗಿಂತ ಕಡಿಮೆ ಇದೆಯೇ? ಇದ್ದರೆ ಇಂದಿನ ನಗದು ನಾಳಿನ ಉತ್ಪಾದನೆಯನ್ನು ಒತ್ತೆಯಿಟ್ಟು ಬಂದಿರಬಹುದು.

ಈಗ ಅಂದಾಜು ಕಟ್ಟಿ. ಮಾರಾಟದಿಂದ ಶುರುಮಾಡಿ, ಬಾಕಿ ವಸೂಲಿಗೂ ದಾಸ್ತಾನು ಮಾರಾಟವಾಗುವುದಕ್ಕೂ ಹಿಡಿಯುವ ದಿನಗಳನ್ನು ಕಳೆದ ವರ್ಷಗಳ ಸರಾಸರಿಯಂತೆ ಇಡಿ. ಸರಕು, ಸಂಬಳದಂಥ ಖರ್ಚು, ತೆರಿಗೆ, ಯಂತ್ರಗಳ ಖರ್ಚು, ಬಡ್ಡಿ, ಕಂತು ಕಳೆಯಿರಿ. ಆಮೇಲೆ ವಸೂಲಿಯನ್ನು 15 ದಿನ ತಡಮಾಡಿ ಅದೇ ಲೆಕ್ಕವನ್ನು ಮತ್ತೆ ಹಾಕಿ. ಮಾರಾಟವೆಲ್ಲ ಗ್ರಾಹಕರಿಗೆ ಸಾಲ ಕೊಟ್ಟು ಮಾಡಿದ್ದಾಗಿ, ವಾರ್ಷಿಕ ಮೊತ್ತ 730 ಇದ್ದರೆ 30ರಷ್ಟು ನಗದು ಸಿಲುಕಿಕೊಳ್ಳುತ್ತದೆ. ಅದನ್ನು ಕಳೆದ ಮೇಲೂ ಕಂತು ಕಟ್ಟಲಾಗುತ್ತದೆಯೇ ಎಂಬುದನ್ನು ನಾನು ಅಂದಾಜಿನ ಪಕ್ಕದಲ್ಲೇ ಬರೆದಿಡುತ್ತೇನೆ.