ನೆಟ್‌ವರ್ಕ್ ಇಲ್ಲದ ಊರಲ್ಲಿ ಆನ್‌ಲೈನ್ ಇಂಗ್ಲಿಷ್: ಸೆಕೆಂಡ್ ಪಿಯು ಮಕ್ಕಳಿಗೆ ಮನೆಯವರು ಹೇಗೆ ನೆರವಾಗಬಹುದು?

ಕೊಡಗಿನಲ್ಲಿ ಕೂತು ಆನ್‌ಲೈನ್ ಕಲಿಕೆಯ ಬಗ್ಗೆ ಬರೆಯುವುದು ಸ್ವಲ್ಪ ತಮಾಷೆಯೇ. ಜುಲೈ ಬಂತೆಂದರೆ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರೂ ಕೈಕೊಡುತ್ತದೆ, ಆಮೇಲೆ ಫೋನು ಬರೀ ಟಾರ್ಚು. ಲಾಕ್‌ಡೌನ್ ಸಮಯದಲ್ಲಿ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ್ದು ನೆನಪಿದೆ ಅಲ್ವಾ? ಆದರೂ ಕೆಲಸ ಆಗುತ್ತದೆ. ಬೇಕಾದ್ದನ್ನು ಮೊದಲೇ ತುಂಬಿಸಿ ಇಟ್ಟುಕೊಳ್ಳಬೇಕು ಅಷ್ಟೆ, ಮಳೆಗಾಲಕ್ಕೆ ಸೌದೆ ಕೂಡಿಟ್ಟ ಹಾಗೆ.

ನನ್ನ ಅಕ್ಕನ ಮಗಳು ಕಳೆದ ವರ್ಷ ಸೆಕೆಂಡ್ ಪಿಯು. ಭಾಗಮಂಡಲದ ಕಡೆ ಮನೆ, ಮನೆಯಲ್ಲಿ ಅರೆಭಾಷೆ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. "ಮಾಮ, ಓದಿದರೆ ಗೊತ್ತಾಗ್ತದೆ, ಬರೆಯಲಿಕ್ಕೆ ಕೂತರೆ ಏನೂ ಬರುವುದಿಲ್ಲ" ಅಂದಳು. ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳಿಗೆ ಇಂಗ್ಲಿಷ್ ಎರಡನೆಯದಲ್ಲ, ಮೂರನೆಯದೋ ನಾಲ್ಕನೆಯದೋ ಭಾಷೆ. ಅವಳ ಜೊತೆ ಕೂತು ನಾನು ಕಲಿತದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಒಂದು ಹಳೆಯ ಪೇಪರ್

ಆ್ಯಪ್ ಹುಡುಕುವುದಕ್ಕಿಂತ ಮೊದಲು ಮಾರ್ಕ್ಸ್ ಎಲ್ಲಿ ಹೋಗುತ್ತಿದೆ ಎಂದು ನೋಡಿ. ಇಂಗ್ಲಿಷಿಗೆ ಈಗ 80 ಅಂಕದ ಬರವಣಿಗೆ, 20 ಅಂಕ ಕಾಲೇಜಿನಲ್ಲೇ ಕೊಡುವ ಇಂಟರ್ನಲ್. ಪರೀಕ್ಷಾ ಮಂಡಳಿಯ ವೆಬ್‌ಸೈಟಿನಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳಿವೆ. ಒಂದನ್ನು ಪ್ರಿಂಟ್ ಹಾಕಿಸಿ, ಗಡಿಯಾರ ಎದುರಿಗಿಟ್ಟು ಮೂರು ಗಂಟೆ ಕೂತು ಬರೆಯಲಿ. ಆಮೇಲೆ ಒಟ್ಟು ಎಷ್ಟು ಬಂತು ಅನ್ನುವುದನ್ನು ಬಿಡಿ, ಯಾವ ಪ್ರಶ್ನೆಯಲ್ಲಿ ಹೋಯಿತು ಎಂದು ಮಾತ್ರ ಪಟ್ಟಿ ಮಾಡಿ.

ನಮ್ಮ ಹುಡುಗಿ ಯೂಟ್ಯೂಬ್ ನೋಡಿ ಪದ್ಯಗಳ ಸಾರಾಂಶವನ್ನೆಲ್ಲ ಬಾಯಿಪಾಠ ಮಾಡಿದ್ದಳು. ಅಂಕ ಹೋಗಿದ್ದು ಬೇರೆ ಕಡೆ: ಪ್ಯಾಸಿವ್ ವಾಯ್ಸ್, ರಿಪೋರ್ಟೆಡ್ ಸ್ಪೀಚ್, ನೋಟ್ ಮೇಕಿಂಗ್, ಕೆಲಸಕ್ಕೆ ಅರ್ಜಿ. ಬಾಯಿಪಾಠ ಬೇಡದ, ಅಭ್ಯಾಸ ಮಾತ್ರ ಬೇಕಾದ ಪ್ರಶ್ನೆಗಳೇ ಇವೆಲ್ಲ.

ಸಂತೆ ದಿನ ಫೋನ್ ತುಂಬಿಸಿ

ಶುಕ್ರವಾರ ಮಡಿಕೇರಿ ಸಂತೆಗೆ ಹೋದಾಗ ತರಕಾರಿ ಜೊತೆಗೆ ಒಂದು ವಾರದ ಪಾಠವನ್ನೂ ತುಂಬಿಸಿಕೊಂಡು ಬನ್ನಿ. ಯೂಟ್ಯೂಬ್ ಆ್ಯಪಿನಲ್ಲೇ ಡೌನ್‌ಲೋಡ್ ಗುಂಡಿ ಇದೆ, ಕಡಿಮೆ ಕ್ವಾಲಿಟಿಯಲ್ಲಿ ಇಳಿಸಿದರೆ ಜಾಗ ಉಳಿಯುತ್ತದೆ. ಸರ್ಕಾರದ ದೀಕ್ಷಾ ಆ್ಯಪಿನ ಪಾಠಗಳನ್ನೂ ಇಳಿಸಿಕೊಳ್ಳಬಹುದು. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಕನ್ನಡವನ್ನು ಒಮ್ಮೆ ಇಳಿಸಿಟ್ಟರೆ ನೆಟ್ ಇಲ್ಲದೆಯೂ ಪದಗಳ ಅರ್ಥ ಸಿಗುತ್ತದೆ.

ಹೆಚ್ಚು ಜನರಿಗೆ ಗೊತ್ತಿಲ್ಲದ್ದು ಕಿವಿಕ್ಸ್. ಉಚಿತ ಆ್ಯಪ್, ಇಡೀ ವಿಕಿಪೀಡಿಯವನ್ನೇ ಫೋನಿಗೆ ಇಳಿಸಿಕೊಡುತ್ತದೆ. ಇದರಲ್ಲಿ ಸಿಂಪಲ್ ಇಂಗ್ಲಿಷ್ ವಿಕಿಪೀಡಿಯ ಎಂಬುದನ್ನೇ ಆರಿಸಿ. ಚಿಕ್ಕ ವಾಕ್ಯ, ಸುಲಭ ಪದ, ನಮ್ಮ ಮಕ್ಕಳಿಗೆ ಹೇಳಿ ಬರೆಸಿದ ಹಾಗಿದೆ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಗ್ರಂಥಾಲಯದಲ್ಲಿ, ಕಂಪ್ಯೂಟರ್ ಇದ್ದರೆ ಅದನ್ನೂ ಬಳಸಿಕೊಳ್ಳಿ.

ತುಂಬಿಸಿ ಆದ ಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಮಗುವಿನ ಕೈಗೆ ಕೊಡಿ. ರೀಲ್ಸ್ ಇಲ್ಲ, ವಾಟ್ಸ್‌ಆ್ಯಪ್ ಇಲ್ಲ. ನೆಟ್‌ವರ್ಕ್ ಇಲ್ಲದ್ದು ಇದೊಂದು ವಿಷಯದಲ್ಲಿ ಲಾಭವೇ.

ಕನ್ನಡದಿಂದ ಇಂಗ್ಲಿಷಿಗೆ

'ಇಂಗ್ಲಿಷಿನಲ್ಲೇ ಯೋಚಿಸು' ಎಂಬ ಉಪದೇಶ ನನಗೆ ಸರಿ ಕಾಣುವುದಿಲ್ಲ. ಗೊತ್ತಿರುವ ಭಾಷೆಯನ್ನು ಬಿಟ್ಟು ಹೊಳೆ ದಾಟು ಎಂದರೆ ಹೇಗೆ? ಪತ್ರಕರ್ತ ಪಿ. ಸಾಯಿನಾಥ್ 2014ರಲ್ಲಿ ಶುರುಮಾಡಿದ ಪರಿ ಎಂಬ ವೆಬ್‌ಸೈಟ್ ಇದೆ, ಹಳ್ಳಿ ಜನರ ಬದುಕಿನ ಬರಹಗಳು. ಒಂದೇ ಬರಹ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಸಿಗುತ್ತದೆ, ಓದಲಿಕ್ಕೆ ದುಡ್ಡು ಕೊಡಬೇಕಾಗಿಲ್ಲ. ಮೊದಲು ಕನ್ನಡದ್ದು ಓದಲಿ. ಕಥೆ ತಲೆಯಲ್ಲಿ ಕೂತ ಮೇಲೆ ಇಂಗ್ಲಿಷಿನ ಒಂದೇ ಒಂದು ಪ್ಯಾರಾ. ನಾವು ಕೊನೆಯಲ್ಲಿ ಇಡುವ ಕ್ರಿಯಾಪದ ಅಲ್ಲಿ ಕರ್ತೃವಿನ ಬೆನ್ನಿಗೇ ಬಂದು ನಿಂತಿರುತ್ತದೆ. ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾ ಹೋಗಲಿ. ಹದಿನೈದು ದಿನ ಮಾಡಿದರೆ ಕಣ್ಣಿಗೆ ಅಭ್ಯಾಸ ಆಗಿಬಿಡುತ್ತದೆ.

ಗ್ರಾಮರ್‌ಗೂ ನಮ್ಮೂರಿನ ವಿಷಯವನ್ನೇ ತೆಗೆದುಕೊಳ್ಳಿ. 'ವರ್ಕರ್ಸ್ ಪಿಕ್ ಕಾಫಿ' ಎಂಬುದನ್ನು ಪ್ಯಾಸಿವ್ ವಾಯ್ಸ್‌ಗೆ ತಿರುಗಿಸು ಎಂದರೆ ಎಷ್ಟೋ ಮಕ್ಕಳು 'ಕಾಫಿ ಈಸ್ ಪಿಕ್ಕಿಂಗ್' ಎಂದು ಬರೆಯುತ್ತಾರೆ. ಕಾಫಿ ತಾನೇ ತನ್ನನ್ನು ಕುಯ್ದುಕೊಳ್ಳುತ್ತದಾ? ಹೀಗೆ ಕೇಳಿದರೆ ನಗುತ್ತಾರೆ, 'ಕಾಫಿ ಈಸ್ ಪಿಕ್ಡ್' ಮರೆಯುವುದಿಲ್ಲ.

ರಿಪೋರ್ಟೆಡ್ ಸ್ಪೀಚಿಗೆ ಬಸ್ಸಿನ ಮಾತು ಸಾಕು. ಕಂಡಕ್ಟರ್ ಕೇಳಿದ್ದು 'ವೇರ್ ಆರ್ ಯೂ ಗೋಯಿಂಗ್?' ಮನೆಗೆ ಬಂದು ಹೇಳುವಾಗ 'ದ ಕಂಡಕ್ಟರ್ ಆಸ್ಕ್ಡ್ ಮಿ ವೇರ್ ಐ ವಾಸ್ ಗೋಯಿಂಗ್.' ಇಲ್ಲಿ ಮೂರು ಬದಲಾವಣೆ ಆಗಿದೆ. 'ಯೂ' ಹೋಗಿ 'ಐ' ಬಂತು, 'ಆರ್' ಹೋಗಿ 'ವಾಸ್' ಬಂತು, ಪ್ರಶ್ನೆಯ ಜೋಡಣೆ ಹೋಗಿ ಸಾದಾ ವಾಕ್ಯದ ಜೋಡಣೆ ಬಂತು. ಈ ಮೂರನೆಯದರಲ್ಲೇ ಜಾಸ್ತಿ ಎಡವುವುದು. ದಿನಕ್ಕೆ ಐದು ಮಾತು ಹೀಗೆ ತಿರುಗಿಸಲಿ, ಅಜ್ಜಿ ಬೈದದ್ದಾದರೂ ಸರಿ.

ಬರೆದ ಮೇಲೆ ತಿದ್ದುವ ಯಂತ್ರ

ಗ್ರಾಮರ್ಲಿ, ಲ್ಯಾಂಗ್ವೇಜ್‌ಟೂಲ್ ಎರಡೂ ತಪ್ಪಿನ ಕೆಳಗೆ ಗೆರೆ ಎಳೆದು ತೋರಿಸುತ್ತವೆ, ಉಚಿತ ಆವೃತ್ತಿಯೇ ಸಾಕು. ಮೊದಲು ಪೇಪರಿನಲ್ಲಿ ಬರೆಯಲಿ, ಆಮೇಲೆ ನೆಟ್ ಸಿಕ್ಕಾಗ ಟೈಪ್ ಮಾಡಿ ನೋಡಲಿ. ಒತ್ತಿದ ಕೂಡಲೇ ತಪ್ಪು ಸರಿಹೋಗುತ್ತದೆ, ತಲೆಯೊಳಗಿನ ತಪ್ಪು ಮಾತ್ರ ಹಾಗೇ ಉಳಿಯುತ್ತದೆ. ಅದಕ್ಕೇ ಪ್ರತಿ ತಪ್ಪನ್ನೂ ಒಂದು ಪುಸ್ತಕಕ್ಕೆ ಇಳಿಸಬೇಕು. ನಮ್ಮ ಹುಡುಗಿಯ ಪುಸ್ತಕದ ಮೊದಲ ಪುಟದಲ್ಲಿದ್ದದ್ದು: 'ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್' ಅಲ್ಲ, 'ಐ ಹ್ಯಾವ್'. 'ಡಿಸ್ಕಸ್ ಅಬೌಟ್' ಅಲ್ಲ, ಬರೀ 'ಡಿಸ್ಕಸ್'. 'ರಿಟರ್ನ್ ಬ್ಯಾಕ್' ಅಲ್ಲ, 'ರಿಟರ್ನ್'. ದೊಡ್ಡವರಾದ ನಾವೂ ದಿನಾ ಮಾಡುವ ತಪ್ಪುಗಳೇ!

ಚಾಟ್‌ಜಿಪಿಟಿ ಥರದ್ದು ಬೇಡವೇ ಬೇಡ ಎಂದರೆ ಮಕ್ಕಳು ಕೇಳುವುದಿಲ್ಲ. ಇವಳೂ ಒಮ್ಮೆ ಅರ್ಜಿ ಪತ್ರವನ್ನು ಅದರಿಂದಲೇ ಬರೆಸಿ ಕೊಟ್ಟಳು, ಕ್ಲಾಸಿನ ಇನ್ನೂ ನಾಲ್ಕು ಜನ ಹೆಚ್ಚುಕಮ್ಮಿ ಅದೇ ಪತ್ರ ಕೊಟ್ಟಿದ್ದರು, ಮುಂದೇನಾಯಿತು ಎಂದು ಹೇಳಬೇಕಾಗಿಲ್ಲ. ಕೇಳುವ ರೀತಿ ಬದಲಾಯಿಸಿ. 'ಪತ್ರ ಬರೆದುಕೊಡು' ಎನ್ನುವ ಬದಲು 'ಇದು ನಾನು ಬರೆದದ್ದು, ತಿದ್ದಬೇಡ, ತಪ್ಪು ಎಲ್ಲಿದೆ, ಯಾಕೆ ತಪ್ಪು ಎಂದು ಕನ್ನಡದಲ್ಲಿ ಹೇಳು' ಎಂದು ಕೇಳಲಿ. ಪಠ್ಯದ ಪದ್ಯದ ಸಾಲುಗಳನ್ನು ಮಾತ್ರ ಅದರ ಹತ್ತಿರ ಕೇಳಲೇಬಾರದು, ಇಲ್ಲದ ಸಾಲನ್ನೂ ಧೈರ್ಯವಾಗಿ ಹೇಳಿಬಿಡುತ್ತದೆ. ಪುಸ್ತಕ ಇದೆಯಲ್ಲ.

ಕಿವಿಗೆ ಬಿಬಿಸಿಯ ಸಿಕ್ಸ್ ಮಿನಿಟ್ ಇಂಗ್ಲಿಷ್ ಚೆನ್ನಾಗಿದೆ, ಮಾತಾಡಿದ್ದರ ಬರಹವೂ ಜೊತೆಗೆ ಸಿಗುತ್ತದೆ. ಇದರಿಂದ ಬೋರ್ಡ್ ಪರೀಕ್ಷೆಯಲ್ಲಿ ನೇರವಾಗಿ ಮಾರ್ಕ್ಸ್ ಬರುವುದಿಲ್ಲ. ಕಾಲೇಜಿಗೆ ಬಸ್ಸಿನಲ್ಲಿ ಹೋಗುವಾಗ ಕೇಳಿದರೆ ಸಾಕು.

ಇಂಗ್ಲಿಷ್ ಬಾರದ ಅಪ್ಪ ಅಮ್ಮ ಏನು ಮಾಡಬೇಕು?

ಎರಡು ಕೆಲಸ. ಒಂದು, ಹೊತ್ತು ಬಿಟ್ಟುಕೊಡುವುದು. ಕಾಫಿ ಕುಯ್ಲು ಮತ್ತು ಪ್ರಿಪರೇಟರಿ ಪರೀಕ್ಷೆ ಒಂದರ ಮೇಲೊಂದು ಬರುತ್ತವೆ, ಆಗ ಕಣದ ಕೆಲಸಕ್ಕೆ ಮಗುವನ್ನು ಕರೆಯಬೇಡಿ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಇರುವುದೇ ಒಂದು ಫೋನು, ಅದು ಬೆಳಿಗ್ಗೆ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ. ಅಂಥ ಮನೆಯಲ್ಲಿ ಸಂಜೆ ಒಂದು ಗಂಟೆ ಫೋನು ಮಗುವಿನದ್ದು ಎಂದು ಗೊತ್ತುಮಾಡಿಬಿಡಿ.

ಇನ್ನೊಂದು, ಓದಿದ ಪಾಠವನ್ನು ಮನೆಮಾತಿನಲ್ಲಿ ಹೇಳಿಸುವುದು. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಯಾವುದಾದರೂ ಆಗಬಹುದು. ಹೇಳುತ್ತಾ ಎಲ್ಲಿ ತಡವರಿಸಿದರೋ ಅಲ್ಲಿ ಅರ್ಥ ಆಗಿಲ್ಲ. ನಮ್ಮ ಹುಡುಗಿ ಪಠ್ಯದ ಒಂದು ಕಥೆಯನ್ನು ಅಜ್ಜಿಗೆ ಅರೆಭಾಷೆಯಲ್ಲಿ ಹೇಳಿ ಮುಗಿಸಿದಳು. ಅಜ್ಜಿ ಎಲೆ ಅಡಿಕೆ ಜಗಿಯುತ್ತಾ "ಅದೆಲ್ಲ ಸರಿ, ಅವನು ಹಾಗೆ ಯಾಕೆ ಮಾಡಿದ?" ಎಂದು ಕೇಳಿದರು. ಇವಳು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, ಎದ್ದು ಹೋಗಿ ಪುಸ್ತಕ ತಂದಳು.