ಡ್ರೈ ಡಾಕ್‌ಗೆ ನೀರು ಬಿಟ್ಟ ದಿನ

ರಜೆಗೆ ಊರಿಗೆ ಬಂದಾಗ ಎಲ್ಲರೂ ಕೇಳುವುದು ಒಂದೇ: "ಅಷ್ಟು ದೊಡ್ಡ ಹಡಗನ್ನು ರಿಪೇರಿಗೆ ಎತ್ತುವುದು ಹೇಗೆ ಮಾರಾಯಾ?" ಡ್ರೈ ಡಾಕ್ ಅಂದರೆ ಹಡಗು ರಿಪೇರಿಗೆಂದು ಕಟ್ಟಿದ, ಗೇಟ್ ಇರುವ ದೊಡ್ಡ ಹೊಂಡ. ಅಲ್ಲಿ ಹಡಗನ್ನು ಯಾರೂ ಎತ್ತುವುದಿಲ್ಲ. ನೀರನ್ನು ತೆಗೆಯುತ್ತಾರೆ, ಅಷ್ಟೆ. ಎತ್ತುವುದನ್ನೇ ನೋಡಬೇಕೆಂದರೆ ಕಾರವಾರದ ನೌಕಾನೆಲೆಯಲ್ಲಿ ಶಿಪ್‌ಲಿಫ್ಟ್ ಇದೆ. ಅದು 10,000 ಟನ್‌ವರೆಗಿನ ಹಡಗನ್ನು ವೇದಿಕೆ ಸಮೇತ ಮೇಲಕ್ಕೆ ತರುತ್ತದೆ.

ನಾನಾಗ ಸರಕು ಹಡಗೊಂದರಲ್ಲಿ ಸೆಕೆಂಡ್ ಇಂಜಿನಿಯರ್. ಇಂಥ ಹಡಗುಗಳ ತಳವನ್ನು ಐದು ವರ್ಷದಲ್ಲಿ ಎರಡು ಸಲ ಪರೀಕ್ಷಿಸಬೇಕು, ನಡುವಿನ ಅಂತರ 36 ತಿಂಗಳು ದಾಟಬಾರದು. ನಮ್ಮ ಸರದಿ ಬಂದಿತ್ತು.

ಟಗ್ ಎಂಬ ಎಳೆಯುವ ದೋಣಿಗಳು ಹಡಗನ್ನು ಡಾಕ್‌ನೊಳಗೆ ತಂದವು, ಹಿಂದೆ ಗೇಟ್ ಮುಚ್ಚಿತು, ಪಂಪ್ ಶುರುವಾಯಿತು. ಕೆಳಗೆ ಹಡಗಿನ ನಕ್ಷೆ ನೋಡಿ ಸಾಲಾಗಿ ಜೋಡಿಸಿದ ಕೀಲ್ ಬ್ಲಾಕ್‌ಗಳಿರುತ್ತವೆ, ಹಡಗಿನ ತಳ ಕೂರುವುದು ಅವುಗಳ ಮೇಲೆ. ಹಡಗಿನ ಹಿಂಭಾಗ ಸ್ವಲ್ಪ ತಗ್ಗಿರುವುದರಿಂದ ಮೊದಲು ಅದೇ ಬ್ಲಾಕ್ ಮುಟ್ಟುತ್ತದೆ. ಮುಂಭಾಗ ಇನ್ನೂ ತೇಲುತ್ತಿರುತ್ತದೆ. ಆ ಹೊತ್ತಿನಲ್ಲಿ ಹಡಗಿನ ಸಮತೋಲ ತೀರಾ ಕಡಿಮೆ. ಅರ್ಧ ತುಂಬಿದ ಟ್ಯಾಂಕ್‌ನಲ್ಲಿ ನೀರು ತುಳುಕಿದರೂ ವಾಲಬಹುದು. ಅದಕ್ಕೇ ಟ್ಯಾಂಕ್‌ಗಳನ್ನು ಆದಷ್ಟು ಪೂರ್ತಿ ತುಂಬಿಸುತ್ತೇವೆ, ಇಲ್ಲವೇ ಪೂರ್ತಿ ಖಾಲಿ ಮಾಡುತ್ತೇವೆ. ಡೈವರ್‌ಗಳು ಮುಳುಗಿ, ಬ್ಲಾಕ್‌ಗಳ ಮೇಲೆ ಸರಿಯಾಗಿ ಕೂತಿದೆ ಎಂದ ಮೇಲೆಯೇ ಉಳಿದ ನೀರು ಹೋಗುವುದು.

ನೀರು ಹೋದರೆ ಹಡಗಿನೊಳಗಿನ ಬದುಕೂ ನಿಂತ ಹಾಗೆ. ಜನರೇಟರ್ ತಂಪಾಗುವುದು ಸಮುದ್ರದ ನೀರಿನ ಆಸರೆಯಲ್ಲಿ, ಹಾಗಾಗಿ ಅದು ಬಂದ್. ಕರೆಂಟು ದಡದಿಂದ, ಬೆಂಕಿ ಆರಿಸುವ ನೀರೂ ದಡದಿಂದ. ಎಸಿ ಇಲ್ಲ. ಶೌಚಾಲಯಕ್ಕೆ ದಡಕ್ಕೇ ಇಳಿಯಬೇಕು. ರಾತ್ರಿ ಎರಡಕ್ಕೆ ಆ ಉದ್ದ ಏಣಿ ಇಳಿದವರಿಗೇ ಗೊತ್ತು ಅದರ ಕಷ್ಟ!

ತಳದಲ್ಲಿ ನಿಂತು ಮೇಲೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಪಾಚಿ, ಚಿಪ್ಪು, ತಳಕ್ಕೆ ತುಕ್ಕು ಹಿಡಿಯದಂತೆ ತಾವೇ ಸವೆದು ಹೋದ ಸತುವಿನ ತುಂಡುಗಳು, ಅಂದರೆ ಆನೋಡ್‌ಗಳು. ಕೆರೆದು, ಮರಳು ಹೊಡೆದು, ಬಣ್ಣ ಬಳಿಯುತ್ತಾರೆ. ಬ್ಲಾಕ್ ತಾಗಿದ ಜಾಗಕ್ಕೆ ಮಾತ್ರ ಬಣ್ಣ ಸಿಗುವುದಿಲ್ಲ, ಹಾಗಾಗಿ ಮುಂದಿನ ಸಲ ಬ್ಲಾಕ್‌ಗಳನ್ನು ಬೇರೆ ಕಡೆ ಇಡುತ್ತಾರೆ. ಪ್ರೊಪೆಲರ್ ಶಾಫ್ಟ್ ಎಷ್ಟು ಇಳಿದಿದೆ, ಚುಕ್ಕಾಣಿ ಎಷ್ಟು ಸಡಿಲವಾಗಿದೆ ಎಂದು ಅಳೆದೆವು. ನನ್ನ ಪಾಲಿಗೆ ಬಂದದ್ದು ಸಮುದ್ರದ ನೀರು ಒಳಬರುವ ವಾಲ್ವ್‌ಗಳು. ಎಲ್ಲವನ್ನೂ ಬಿಚ್ಚಿ, ಉಜ್ಜಿ, ಮತ್ತೆ ಕೂರಿಸಿದೆವು. ಕೊನೆಯದನ್ನು ಮುಚ್ಚುವಾಗ ಊಟದ ಹೊತ್ತು ಮೀರಿತ್ತು.

ನೀರು ಬಿಡುವ ದಿನ ಬಂತು. ಟ್ಯಾಂಕ್‌ಗಳ ನೀರು ಬಸಿಯಲು ತೆಗೆದಿದ್ದ ತಳದ ಪ್ಲಗ್‌ಗಳೆಲ್ಲ ವಾಪಸ್ ಕೂತಿವೆ ಎಂದು ಚೀಫ್ ಆಫೀಸರ್ ಎಣಿಸಿ ಸಹಿ ಹಾಕಿದರು. ನೀರು ವಾಲ್ವ್‌ಗಳ ಮಟ್ಟ ದಾಟಿದ ಕೂಡಲೇ ನಿಲ್ಲಿಸುವುದು ಪದ್ಧತಿ. ನಾವು ಟಾರ್ಚ್ ಹಿಡಿದು ಒಂದೊಂದನ್ನೇ ನೋಡುತ್ತಾ ಹೋದೆವು. ಊಟದ ಹೊತ್ತಿನ ಆ ವಾಲ್ವ್‌ನ ಮುಚ್ಚಳದಿಂದ ನೀರು ಚಿಮ್ಮುತ್ತಿತ್ತು. ನೀರು ಸೋರದಂತೆ ಮುಚ್ಚಳದಡಿ ಇಡುವ ಗ್ಯಾಸ್ಕೆಟ್ ಓರೆಯಾಗಿ ಕೂತಿತ್ತು. ತಪ್ಪು ನನ್ನದೇ. ಬಡಾ ಸಾಬ್, ಅಂದರೆ ನಮ್ಮ ಚೀಫ್ ಇಂಜಿನಿಯರ್, ಬೈಯಲಿಲ್ಲ, ಸುಮ್ನೆ ನನ್ನ ಮುಖ ನೋಡಿದರು. ಅದು ಇನ್ನೂ ಜಾಸ್ತಿ, ಅಲ್ವಾ?

ಡಾಕ್ ಮಾಸ್ಟರ್‌ಗೆ ಹೇಳಿ ನೀರು ಇಳಿಸಿದೆವು, ಹೊಸ ಗ್ಯಾಸ್ಕೆಟ್ ಹಾಕಿದೆವು. ಎರಡನೇ ಸಲ ನೀರು ಬಂದಾಗ ನಾನು ಆ ವಾಲ್ವ್ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಬೆರಳಿಟ್ಟು ಮುಟ್ಟಿ ನೋಡುತ್ತಿದ್ದೆ. ಮೇಲೆ ಹಡಗು ತೇಲಿದ್ದೇ ನನಗೆ ಗೊತ್ತಾಗಲಿಲ್ಲ.