ಬಿಲ್ಲಿನ ಲೆಕ್ಕ ಅಡ್ಮಿಟ್ ಆದ ದಿನವೇ ಶುರುವಾಗಲಿ

ಚಿಕ್ಕಪ್ಪನಿಗೆ ಹಾರ್ಟ್ ಅಟ್ಯಾಕ್ ಆದ ರಾತ್ರಿ ನಾವು ನಾಲ್ಕು ಜನವೂ ದುಡ್ಡಿಗಾಗಿ ಫೋನ್ ಹಿಡಿದು ನಿಂತಿದ್ದೆವು. ಚಿಕ್ಕಮ್ಮನ ಬಳೆ ಅಡವಿಗೆ ಹೋಯಿತು. ಬಿಪಿಎಲ್ ಕಾರ್ಡ್ ಮಾತ್ರ ಮನೆಯ ಟ್ರಂಕಿನಲ್ಲೇ ಇತ್ತು. ಮೂರನೇ ದಿನ ತೋರಿಸಿದಾಗ, ಆಸ್ಪತ್ರೆಯವರು ‘ಮೊದಲೇ ಹೇಳಬೇಕಿತ್ತು’ ಎಂದರು. ಆ ಮಾತು ಇನ್ನೂ ಚುಚ್ಚುತ್ತದೆ.

ಹಾಗಾಗಿ ಮೊದಲ ಕೆಲಸ ಇದು. ಒಬ್ಬರು ರೋಗಿಯ ಹತ್ತಿರ ಇರಿ. ಇನ್ನೊಬ್ಬರು ರೇಷನ್ ಕಾರ್ಡ್, ಆಧಾರ್ ಹಿಡಿದು ‘ಆರೋಗ್ಯ ಮಿತ್ರ’ರನ್ನು, ಅಂದರೆ ಸರ್ಕಾರಿ ಯೋಜನೆಗೆ ನೆರವಾಗಲು ಆಸ್ಪತ್ರೆಯಲ್ಲಿರುವ ಸಿಬ್ಬಂದಿಯನ್ನು, ಹುಡುಕಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ 30ರಷ್ಟು ಸಿಗುತ್ತದೆ, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ಆಸ್ಪತ್ರೆ ಯೋಜನೆಗೆ ಸೇರಿರಬೇಕು. ಖಾಸಗಿಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಆದರೆ ಹಾರ್ಟ್ ಅಟ್ಯಾಕ್‌ನಂಥ ತುರ್ತಿಗೆ ಬೇಡ. ಚೀಟಿಗಾಗಿ ಅಲೆದು ಹೊತ್ತು ಕಳೆಯಬೇಡಿ. ಸಹಕಾರ ಸಂಘದ ಮೂಲಕ ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿದ್ದರೆ, ಕೆಲಸದ ಕಡೆಯಿಂದ ಇಎಸ್‌ಐ (ಕಾರ್ಮಿಕರ ವಿಮೆ) ಇದ್ದರೆ, ಅದನ್ನೂ ಆಗಲೇ ಹೇಳಿ.

ಖಾಸಗಿ ವಿಮೆ ಇದ್ದವರು ಕ್ಯಾಶ್‌ಲೆಸ್ ಕೇಳಿ, ಅಂದರೆ ವಿಮಾ ಕಂಪನಿಯೇ ಆಸ್ಪತ್ರೆಗೆ ನೇರವಾಗಿ ದುಡ್ಡು ಕಟ್ಟುವ ವ್ಯವಸ್ಥೆ. 2024ರ ನಿಯಮದಂತೆ ಕಂಪನಿ 1 ಗಂಟೆಯೊಳಗೆ ಉತ್ತರ ಕೊಡಬೇಕು. ಡಿಸ್ಚಾರ್ಜ್ ಹೊತ್ತಿನ ಒಪ್ಪಿಗೆಗೆ 3 ಗಂಟೆ. ಅದಕ್ಕಿಂತ ತಡವಾಗಿ ಬೆಡ್ ಚಾರ್ಜ್ ಜಾಸ್ತಿಯಾದರೆ ಆ ಹೊರೆ ಕಂಪನಿಯದು, ನಿಮ್ಮದಲ್ಲ.

ಎರಡನೆಯದು, ಎಸ್ಟಿಮೇಟ್ ಬರಹದಲ್ಲಿ ಪಡೆಯಿರಿ. ಬಾಯಿಮಾತು ಆಮೇಲೆ ಯಾರಿಗೂ ನೆನಪಿರುವುದಿಲ್ಲ, ಅಲ್ವಾ? ಒಂದು ನೋಟ್‌ಬುಕ್ ಇಟ್ಟು ಕಟ್ಟಿದ ಅಡ್ವಾನ್ಸ್, ತಂದ ಔಷಧಿ, ಮಾಡಿದ ಟೆಸ್ಟ್ ಬರೆಯುತ್ತಾ ಹೋಗಿ. ದಿನವೂ ಅಲ್ಲಿಯವರೆಗಿನ ಬಿಲ್ ಕೇಳಿ. ಕೇಳಲು ಸಂಕೋಚ ಬೇಡ, ಬಿಡಿಬಿಡಿಯಾದ ಬಿಲ್ ರೋಗಿಯ ಹಕ್ಕು. ಕೊನೆಯ ಬಿಲ್ಲನ್ನು ನೋಟ್‌ಬುಕ್ಕಿನ ಜೊತೆ ತಾಳೆ ನೋಡಿ. ಒಂದೇ ಟೆಸ್ಟ್ ಎರಡು ಸಲ ಬಂದಿದೆಯಾ, ವಾಪಸ್ ಕೊಟ್ಟ ಔಷಧಿಯ ದುಡ್ಡನ್ನು ಬಿಲ್ಲಿನಿಂದ ಕಳೆದಿದ್ದಾರಾ ನೋಡಿ.

ಅಷ್ಟಾದರೂ ದುಡ್ಡು ಸಾಲದಿದ್ದರೆ? ಮೀಟರ್ ಬಡ್ಡಿಗೆ ಮಾತ್ರ ಕೈ ಹಾಕಬೇಡಿ. ಬಿಲ್ಲಿಂಗ್ ಕೌಂಟರ್‌ನಲ್ಲಿ ಗೋಗರೆದು ಪ್ರಯೋಜನವಿಲ್ಲ, ಅವರಿಗೆ ಅಧಿಕಾರ ಇರುವುದಿಲ್ಲ. ಮೆಡಿಕಲ್ ಸೂಪರಿಂಟೆಂಡೆಂಟ್ ಅಥವಾ ಆಡಳಿತಾಧಿಕಾರಿಗೆ ಅರ್ಜಿ ಬರೆಯಿರಿ. ಇವತ್ತು ಇಷ್ಟು ಕಟ್ಟುತ್ತೇವೆ, ಉಳಿದದ್ದಕ್ಕೆ ಕಂತು ಕೊಡಿ, ರಿಯಾಯಿತಿ ಕೊಡಿ ಎಂದು ನೇರವಾಗಿ ಕೇಳಿ. ಒಪ್ಪಿದ್ದನ್ನು ಸಹಿ ಹಾಕಿಸಿಕೊಳ್ಳಿ. ಮುಖ್ಯಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. ಅದಕ್ಕೆ ಮೂಲ ಬಿಲ್, ಡಿಸ್ಚಾರ್ಜ್ ಸಮ್ಮರಿ ಜೋಪಾನ.

ಬರೆಯಲು ಕಷ್ಟವಾದರೂ ಒಂದು ಮಾತು ಹೇಳಲೇಬೇಕು. ರೋಗಿ ತೀರಿಕೊಂಡರೆ, ಬಾಕಿ ಇದೆ ಎಂದು ಶವ ಕೊಡದೆ ಇಟ್ಟುಕೊಳ್ಳುವಂತಿಲ್ಲ. 2017ರಲ್ಲಿ ತಿದ್ದುಪಡಿಯಾದ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೇ ಹಾಗೆ ಹೇಳುತ್ತದೆ. ಬಾಕಿಯನ್ನು ಆಮೇಲೆ ವಸೂಲಿ ಮಾಡಬಹುದು, ಅಷ್ಟೇ. ಆಸ್ಪತ್ರೆ ಕೇಳದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಿ. ಒಂದು ಪ್ರತಿಗೆ ಸೀಲು ಹಾಕಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.